ಹಿಂದೆ ಮದುವೆಯಾಗಿತ್ತೇ?

ಅರ್ಜಿ ಮಾವನ ಅಂಗಡಿಯಲ್ಲಿ ಬಂದವರಿಗೆಂದು ಇದ್ದದ್ದು ಮೂರು ಕುರ್ಚಿ. ಒಂದರ ಕಾಲು ಕುಂಟು, ಇನ್ನೊಂದರ ಮೇಲೆ ಯಾವಾಗಲೂ ಫೈಲುಗಳ ರಾಶಿ. ಆ ಶನಿವಾರ ಬೆಳಿಗ್ಗೆ ಮಾವ ಸರಿಯಾಗಿದ್ದ ಒಂದೇ ಒಂದು ಕುರ್ಚಿಯಲ್ಲಿ ತಮ್ಮ ಅಕ್ಕನನ್ನು ಕೂರಿಸಿ, ಅಕ್ಕನ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕಂಪ್ಯೂಟರಿನ ಮುಂದೆ ಸ್ಟೂಲು ಎಳೆದುಕೊಂಡಿದ್ದರು. ಆ ಬೀದಿಯಿಂದ ಓದಿಗೋ ಕೆಲಸಕ್ಕೋ ಮದುವೆಗೋ ಹೊರದೇಶಕ್ಕೆ ಹೋದವರ ಅರ್ಜಿಗಳನ್ನೆಲ್ಲ ತುಂಬಿದವರು ಅವರೇ. ಹತ್ತೊಂಬತ್ತು ವರ್ಷದಲ್ಲಿ ತಾನು ತುಂಬಿದ ಒಂದು ಅರ್ಜಿಯೂ ತಿರುಗಿ ಬಂದಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಎರಡೋ ಮೂರೋ ಬಂದಿದ್ದವು. ಅವನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಅಕ್ಕನ ಮಗಳಿಗೆ ಮೂವತ್ತನಾಲ್ಕು. ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ. ದಂತವೈದ್ಯರಿಂದ ಹಿಡಿದು ಪಾರ್ಸೆಲ್ಲು ತರುವವರ ತನಕ ಎಲ್ಲರ ಬಾಯಲ್ಲೂ ಅವಳು ಹಲ್ಲಿನಕ್ಕ. ನಾಲ್ಕು ತಿಂಗಳ ಹಿಂದೆ, ಹೊರದೇಶದಲ್ಲಿ ನೆಲೆಸಿದ್ದ ಒಬ್ಬನನ್ನು ಇಲ್ಲಿನ ನೋಂದಣಿ ಕಚೇರಿಯಲ್ಲಿ ಮದುವೆಯಾಗಿದ್ದಳು. ಅವನು ಬ್ರೆಡ್ಡಿನ ಕಾರ್ಖಾನೆಯಲ್ಲಿ ಓವನ್ನುಗಳನ್ನು ರಿಪೇರಿ ಮಾಡುವವನು. ಹದಿನಾಲ್ಕು ದಿನದ ರಜೆ ಮುಗಿಸಿ ವಾಪಸಾಗಿದ್ದ. ಈಗ ಅವಳೂ ಅಲ್ಲಿಗೆ ಹೋಗಿ ನೆಲೆಸಬೇಕಾದರೆ ಹೆಂಡತಿಯ ವೀಸಾ ಆಗಬೇಕು.

"ಹೆಸರು ಆಯ್ತು, ಹುಟ್ಟಿದ ದಿನ ಆಯ್ತು, ಕೆಲಸ ಆಯ್ತು," ಎಂದು ಮಾವ ರಾಗವಾಗಿ ಓದುತ್ತಿದ್ದರು. "ಇಪ್ಪತ್ತೆರಡನೇ ಪ್ರಶ್ನೆ. ಹಿಂದೆ ಮದುವೆಯಾಗಿತ್ತೇ? ಇಲ್ಲ."

ಪ್ರಶ್ನೆಯನ್ನೂ ಉತ್ತರವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಂದಿನದಕ್ಕೆ ಹೋದರು.

"ಮಾವ, ಅದನ್ನ ಅಳಿಸಿ."

"ಯಾವುದನ್ನ?"

"ಇಲ್ಲ ಅಂತ ಹಾಕಿದ್ರಲ್ಲ, ಅದನ್ನ. ಹೌದು ಅಂತ ಹಾಕಿ."

ಅಮ್ಮ ತಟ್ಟನೆ ಬಾಗಿಲ ಕಡೆ ನೋಡಿದರು. "ಮೆಲ್ಲಗೆ ಮಾತಾಡೇ. ಹೊರಗೆ ಜನ ಇದಾರೆ."

ಒಂಬತ್ತು ವರ್ಷದಿಂದ ಅಮ್ಮನಿಗೆ ಹೊರಗಿನ ಜನರದ್ದೇ ಚಿಂತೆ. ಮಗಳ ಮೊದಲ ಮದುವೆ ನಡೆದದ್ದು ಬೇರೆ ಊರಿನಲ್ಲಿ. ಉಳಿದದ್ದು ಹನ್ನೊಂದು ತಿಂಗಳು. ವಿಚ್ಛೇದನ ಆದ ತಿಂಗಳೇ ಅಮ್ಮ ಮನೆ ಬದಲಾಯಿಸಿದರು. ಹೊಸ ಬೀದಿಯಲ್ಲಿ "ಅವಳಿಗೆ ಕೆಲಸದ ಹುಚ್ಚು, ಮದುವೆ ಬೇಡ ಅಂತಾಳೆ" ಎಂದು ಹೇಳಿ, ಆ ಸುಳ್ಳಿಗೆ ದಿನಾ ನೀರೆರೆದು ಸಾಕಿದರು. ಆ ಮೊದಲ ಸಂಬಂಧವನ್ನು ತಂದವರು ಈ ಅರ್ಜಿ ಮಾವನೇ. ಹಾಗಾಗಿ ಅದರ ಮಾತು ಬಂದರೆ ಅವರ ಕೈ ಅವರಿಗೇ ಗೊತ್ತಿಲ್ಲದೆ ಬೇರೆ ಫೈಲು ಹುಡುಕತೊಡಗುತ್ತಿತ್ತು.

"ನೋಡು ಮಗಳೇ," ಮಾವ ಕನ್ನಡಕ ತೆಗೆದರು. "ನಿನ್ನ ಮದುವೆ ಸರ್ಟಿಫಿಕೇಟಲ್ಲಿ ಹಳೇದರ ಸುದ್ದಿ ಇಲ್ಲ. ನೋಂದಣಿ ಕಚೇರಿ ಕಡತದಲ್ಲಿ ಇದೆ, ಅದನ್ನ ಯಾರು ಧೂಳು ಕೊಡವಿ ನೋಡ್ತಾರೆ? ಇನ್ನೊಂದು ವಿಷಯ. ನಿನ್ನ ಗಂಡನ ಸಂಬಳ ಅವ್ರು ಕೇಳಿದಷ್ಟಿಲ್ಲ. ಅದಕ್ಕೆ ಅವ್ರಮ್ಮನೂ ಜಾಮೀನು ಪತ್ರಕ್ಕೆ ಸಹಿ ಹಾಕ್ಬೇಕು. ಅರ್ಜಿಯ ಇಡೀ ಕಟ್ಟು ಆಕೆ ಕೈಗೆ ಹೋಗುತ್ತೆ. ಆಕೆಗೆ ಇದೆಲ್ಲ ಗೊತ್ತಾ?"

"ಇಲ್ಲ."

"ಮತ್ತೆ? ಆಕೆ ಸಹಿ ಇಲ್ದೆ ಅರ್ಜಿ ಒಂದು ಹೆಜ್ಜೆ ಮುಂದೆ ಹೋಗಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಕೇಳ್ತಿರೋದು ಒಂದೇ ಒಂದು."

"ಆ ಸಾವಿರವೂ ಮೊದಲನೇ ಮದುವೆಗೇ ಖರ್ಚಾಗಿ ಹೋಯ್ತು ಮಾವ."

ಮಾವ ನಗಲು ಹೋಗಿ ನಿಲ್ಲಿಸಿದರು. ಅಮ್ಮನ ಕಣ್ಣು ತುಂಬಿತು. "ನಿನ್ನ ಒಳ್ಳೇದಕ್ಕೇ ಕಣೇ ನಾವು ಹೇಳೋದು. ಒಂದು ಸಲ ಕೈ ಸುಟ್ಕೊಂಡಿದೀಯ. ಈಗ ಒಳ್ಳೆ ಹುಡುಗ ಸಿಕ್ಕಿದಾನೆ, ನೀನೇ ಕಲ್ಲು ಹಾಕ್ಕೋತೀಯಾ?"

ಅಮ್ಮನ ಮಾತಿನಲ್ಲಿ ಕಪಟವಿರಲಿಲ್ಲ. ಹೆದರಿಕೆಯಿತ್ತು, ಪ್ರೀತಿಯೂ ಇತ್ತು. ಅದಕ್ಕೇ ಅದನ್ನು ಎದುರಿಸುವುದು ಕಷ್ಟ. ಆದರೂ ಹಲ್ಲಿನಕ್ಕ ತನ್ನ ಚೀಲ ಎತ್ತಿಕೊಂಡಳು. "ಸೋಮವಾರ ಬರ್ತೀನಿ. ಅಲ್ಲಿ ತನಕ ಇದನ್ನ ಕಳಿಸ್ಬೇಡಿ," ಎಂದು ಹೇಳಿ ಲ್ಯಾಬಿಗೆ ಹೊರಟಳು.

ಲ್ಯಾಬಿನಲ್ಲಿ ಅವತ್ತು ಎರಡು ಪೂರ್ತಿ ಸೆಟ್ಟುಗಳಿಗೆ ಪಾಲಿಶ್ ಆಗಬೇಕಿತ್ತು. ಊಟದ ಬಿಡುವಿನಲ್ಲಿ ಗಂಡನ ಫೋನು ಬಂತು. ಅವಳು ನಡೆದದ್ದನ್ನು ಹೇಳಿದಳು.

ಪರಿಚಯವಾದ ಮೊದಲ ವಾರವೇ ಅವಳು ಅವನಿಗೆ ಎಲ್ಲವನ್ನೂ ಹೇಳಿದ್ದಳು. "ನಮ್ಮಮ್ಮನಿಗೆ ನಾನೇ ಸಮಯ ನೋಡಿ ಹೇಳ್ತೀನಿ" ಎಂದಿದ್ದ. ಆ ಸಮಯ ಮದುವೆಗೆ ಮುಂಚೆ ಬರಲಿಲ್ಲ, ಆಮೇಲೂ ಬರಲಿಲ್ಲ.

"ನಿಮ್ಮ ಮಾವ ಹೇಳೋದ್ರಲ್ಲೂ ಅರ್ಥ ಇದೆ ಅನ್ಸುತ್ತೆ," ಎಂದ ಅವನು. "ಒಂದ್ಸಲ ನೀನು ಇಲ್ಲಿಗೆ ಬಂದುಬಿಡು. ಆಮೇಲೆ ಅಮ್ಮನಿಗೆ ನಿಧಾನಕ್ಕೆ ಹೇಳಿದ್ರಾಯ್ತು. ಅಮ್ಮ ಸಹಿ ಹಾಕಲ್ಲ ಅಂದ್ರೆ ಏನು ಮಾಡೋದು? ನನಗೆ ಹೆದರಿಕೆ ಕಣೇ."

"ನನಗೂ ಹೆದರಿಕೆ ರೀ. ಆದ್ರೆ ಬೇರೆ ವಿಷಯಕ್ಕೆ." ಅವಳು ಕೈಗವಸು ಕಳಚಿದಳು. "ಸುಳ್ಳು ಬರೆದು ಆ ದೇಶಕ್ಕೆ ಕಾಲಿಟ್ಟೆ ಅಂತ ಇಟ್ಕೊಳ್ಳಿ. ಅಲ್ಲಿ ನನಗೆ ಯಾರಿದಾರೆ? ಆ ಒಂದು ಸುಳ್ಳನ್ನ ಹಿಡ್ಕೊಂಡು ಯಾರು ಬೇಕಾದ್ರೂ ನನ್ನನ್ನ ಕುಣಿಸಬಹುದು. 'ಬಾಯಿ ಮುಚ್ಕೊಂಡಿರು, ಇಲ್ದಿದ್ರೆ ಹೇಳಿ ವಾಪಸ್ ಕಳಿಸ್ತೀನಿ' ಅನ್ನಬಹುದು. ನೀವೂ ಅನ್ನಬಹುದು."

"ನಾನಾ? ಎಂಥಾ ಮಾತಾಡ್ತೀಯ!"

"ಇವತ್ತು ಅನ್ನಲ್ಲ. ಸಿಟ್ಟು ಬಂದ ದಿನ ಅನ್ನಲ್ಲ ಅಂತ ನನಗೆ ಹೇಗೆ ಗೊತ್ತು? ಒಬ್ಬನ ಜೊತೆ ಹನ್ನೊಂದು ತಿಂಗಳು ಅಂಜಿ ಬದುಕಿದ್ದು ಸಾಕು. ಜುಟ್ಟು ಇನ್ನೊಬ್ಬರ ಕೈಗೆ ಕೊಟ್ಟು ನಾನು ಎಲ್ಲಿಗೂ ಬರಲ್ಲ."

ಅವನಿಗೆ ನೋವಾಯಿತು. ಆದರೆ ಅವನು ಕೆಟ್ಟವನಲ್ಲ, ಪುಕ್ಕಲ ಅಷ್ಟೇ. ಕೊನೆಗೆ, "ಸರಿ, ನಾನೇ ಅಮ್ಮನಿಗೆ ಹೇಳ್ತೀನಿ" ಎಂದ.

"ಬೇಡ. ನಿಮ್ಮ ಸಮಯ ಯಾವತ್ತೂ ಬರಲ್ಲ. ನಾನೇ ಹೇಳ್ತೀನಿ."

ಅಂದು ಸಂಜೆಯೇ ಹೇಳಿದಳು. ಅತ್ತೆ ಅಲ್ಲಿ ಒಂದು ಬಟ್ಟೆ ಒಗೆಯುವ ಅಂಗಡಿ ನಡೆಸುವವರು. ಅಂಗಡಿ ಬಿಟ್ಟು ಬರಲಾಗದೆ ಮದುವೆಗೂ ಬಂದಿರಲಿಲ್ಲ. ಫೋನಿನಲ್ಲಿ ಅವರ ದನಿಯ ಹಿಂದೆ ಯಂತ್ರಗಳು ಗಿರಗಿರ ತಿರುಗುತ್ತಿದ್ದವು.

"ಅತ್ತೆ, ನನಗೆ ಇದು ಎರಡನೇ ಮದುವೆ."

"ಏನು?" ಅತ್ತೆ ಅಂಗಡಿಯಿಂದ ಹೊರಗೆ ಬಂದರೇನೋ, ಯಂತ್ರದ ಸದ್ದು ನಿಂತಿತು. "ನನ್ನ ಮಗನಿಗೆ ಗೊತ್ತಾ?"

"ಮೊದಲ ವಾರವೇ ಹೇಳಿದ್ದೆ."

"ಹಾಗಾದ್ರೆ ನಾನೊಬ್ಬಳೇ ದಡ್ಡಿ. ಆ ಮೊದಲನೇ ಗಂಡ ನಿನ್ನ ಬಿಟ್ಟಿದ್ದಾ?"

"ಇಲ್ಲ, ನಾನೇ ಬಿಟ್ಟೆ. ಹೊಡೀತಿದ್ದ."

"ಕೋರ್ಟಿನ ಕಾಗದದಲ್ಲಿ ಹಾಗೇ ಇದೆಯಾ?"

"ಇಲ್ಲ. ಇಬ್ಬರ ಒಪ್ಪಿಗೆ ಮೇಲೆ ಅಂತ ಇದೆ. ಬೇಗ ಬಿಡುಗಡೆ ಆಗ್ಲಿ ಅಂತ ವಕೀಲರು ಹಾಗೆ ಮಾಡಿಸಿದ್ರು."

ಅತ್ತೆ ಉಸಿರು ಬಿಟ್ಟರು. "ನೋಡಮ್ಮ, ನಾನು ಸಹಿ ಹಾಕಿದ್ರೆ ವರ್ಷಗಟ್ಟಲೆ ನಿನ್ನ ಜವಾಬ್ದಾರಿ ನಂದು. ನೀನು ಹೇಳೋದು ನಿಜ ಇರಬಹುದು. ಆದ್ರೆ ತಪ್ಪಿಲ್ಲದವ್ರು ಇಷ್ಟು ವರ್ಷ ಯಾಕೆ ಬಚ್ಚಿಡ್ತಾರೆ? ನಿಮ್ಮ ಮನೇಲಿ ಕಣ್ಣಾರೆ ಕಂಡವ್ರು ಯಾರಾದ್ರೂ ಒಬ್ರು, ಹೀಗಾಯ್ತು ಅಂತ ಬರೆದು ಸಹಿ ಹಾಕ್ಲಿ. ಆಮೇಲೆ ನನ್ನ ಸಹಿ."

"ನನ್ನ ಮಾತು ಸಾಲದಾ ಅತ್ತೆ?"

"ಸಾಲಬೇಕಿತ್ತು. ಆದ್ರೆ ನೀನು ಅದನ್ನ ಹೇಳಿದ್ದು ಇವತ್ತು."

ಈ ಮಾತು ನಾಟಿತು. ಮನೆಗೆ ಬಂದು ಅಮ್ಮನನ್ನು ಕೇಳಿದಳು. ಅಮ್ಮ, "ನನ್ನ ಕೈಯಾರೆ ನಮ್ಮ ಮಾನ ಕಳೀಲಾ?" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಭಾನುವಾರವಿಡೀ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು.

ಸೋಮವಾರ ಕೆಲಸ ಮುಗಿಸಿ ಅವಳು ಮಾವನ ಅಂಗಡಿಗೆ ಹೋದಾಗ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಒಬ್ಬ ಲಾರಿ ಚಾಲಕ, ಇನ್ನೊಬ್ಬಳು ಮಡಿಲಲ್ಲಿ ಕಾಗದಗಳ ಕವರು ಹಿಡಿದ ನರ್ಸು.

"ಹೌದು ಅಂತ ಹಾಕಿ ಮಾವ. ಆಗಲ್ಲ ಅಂದ್ರೆ ನನ್ನ ಕಾಗದ ಕೊಡಿ. ಎದುರಿನ ಅಂಗಡಿಯವ್ರು ಹಾಕ್ತಾರೆ."

ಎದುರಿನ ಅಂಗಡಿ ಎಂದರೆ ಮಾವನಿಗೆ ಮೈಯೆಲ್ಲ ಉರಿ. ಗೊಣಗುತ್ತ 'ಹೌದು' ಒತ್ತಿದರು. ಒತ್ತಿದ ಕೂಡಲೇ ಪರದೆಯ ಮೇಲೆ ಹೊಸ ಚೌಕವೊಂದು ತೆರೆದುಕೊಂಡಿತು: ಆ ಮದುವೆ ಮುರಿದ ಸಂದರ್ಭವನ್ನು ವಿವರಿಸಿ.

"ಇದೇ ನೋಡು, ಒಂದು ಬಾಗಿಲು ತೆಗೆದ್ರೆ ಇನ್ನೊಂದು. ಹೊಂದಾಣಿಕೆ ಆಗ್ಲಿಲ್ಲ ಅಂತ ಬರೆದು ಮುಗಿಸ್ತೀನಿ."

"ನಾನು ಹೇಳ್ತೀನಿ, ನೀವು ಟೈಪ್ ಮಾಡಿ." ಅವಳು ದನಿ ತಗ್ಗಿಸಲಿಲ್ಲ. "ಮೂರನೇ ತಿಂಗಳಲ್ಲಿ ಹೊಡೆತ ತಾಳಲಾರದೆ ತವರಿಗೆ ಬಂದೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಹೇಳಿ ನನ್ನನ್ನ ವಾಪಸ್ ಕಳಿಸಿದ್ರು."

ಮಾವನ ಬೆರಳು ನಿಧಾನವಾಯಿತು. ಆ ಗಾದೆಯನ್ನು ಅವತ್ತು ಬಸ್ಸಿನ ಕಿಟಕಿಯಲ್ಲಿ ಬಗ್ಗಿ ಹೇಳಿದವರು ಅವರೇ.

"ಆರನೇ ತಿಂಗಳಲ್ಲಿ ಮತ್ತೆ ಬಂದೆ. ಮತ್ತೆ ಕಳಿಸಿದ್ರು. ಆ ಸಲ ವಾಪಸ್ ಹೋಗಿ ಒಂದು ವಾರದೊಳಗೆ ನನ್ನ ಮುಂದಿನ ಹಲ್ಲು ಮುರೀತು."

ಮಾವ ಟೈಪ್ ಮಾಡುತ್ತಲೇ ಇದ್ದರು. ಅವಳು ಬಗ್ಗಿ ಪರದೆ ನೋಡಿದಳು. ಅಲ್ಲಿ, 'ಬಚ್ಚಲಲ್ಲಿ ಜಾರಿ ಬಿದ್ದು ಹಲ್ಲು ಮುರಿಯಿತು' ಎಂದಿತ್ತು. ಒಂಬತ್ತು ವರ್ಷ ನೆಂಟರಿಗೆಲ್ಲ ಹೇಳಿ ಹೇಳಿ ಅದು ಅವರ ಬೆರಳಿಗೇ ಬಾಯಿಪಾಠವಾಗಿ ಹೋಗಿತ್ತು.

"ಮಾವ, ನಾನು ಜಾರಿ ಬೀಳಲಿಲ್ಲ."

ಮಾವ ತಾವು ಬರೆದದ್ದನ್ನು ಓದಿದರು. ಯಾರೋ ತಮ್ಮನ್ನು ಕಳ್ಳತನದಲ್ಲಿ ಹಿಡಿದಂತೆ ಅತ್ತಿತ್ತ ನೋಡಿ, ಒಂದೊಂದೇ ಅಕ್ಷರ ಅಳಿಸತೊಡಗಿದರು.

"ಮುಷ್ಟಿಯಿಂದ ಹೊಡೆದ ಅಂತ ಬರೀರಿ. ಆ ಹಲ್ಲನ್ನ ಆಮೇಲೆ ನಾನೇ ಮಾಡ್ಕೊಂಡೆ. ಅದನ್ನ ಬರೆಯೋದು ಬೇಡ, ಅವ್ರಿಗೆ ಬೇಕಾಗಿಲ್ಲ. ಹನ್ನೊಂದನೇ ತಿಂಗಳಲ್ಲಿ ಯಾರನ್ನೂ ಕೇಳದೆ ವಕೀಲರ ಹತ್ರ ಹೋದೆ. ನಾನೇ ಬಿಟ್ಟು ಬಂದೆ. ಇಷ್ಟೇ."

ಬರೆದು ಮುಗಿಯಿತು. ಕುಂಟು ಕುರ್ಚಿಯಲ್ಲಿದ್ದ ಲಾರಿ ಚಾಲಕ ಅಲ್ಲಾಡದೆ ಕೂತಿದ್ದ.

"ಕಂಡವ್ರು ಒಬ್ರು ಬರೆದು ಸಹಿ ಹಾಕಿದ್ರೆ ಮಾತ್ರ ಅತ್ತೆ ಸಹಿ ಹಾಕ್ತಾರಂತೆ. ಅಮ್ಮ ಹಾಕಲ್ಲ. ನಿಮ್ಮನ್ನ ನಾನು ಬೇಡಲ್ಲ ಮಾವ. ಅತ್ತೆ ಒಪ್ಪದಿದ್ರೆ ಬಿಡಲಿ. ಅರ್ಜಿ ಹೀಗೇ ಹೋಗ್ಲಿ, ತಿರುಗಿ ಬಂದ್ರೆ ಬರ್ಲಿ. ಆದ್ರೆ ನಾನು ಮಾತ್ರ ಇನ್ನೊಂದ್ಸಲ ಬಚ್ಚಲಲ್ಲಿ ಜಾರಿ ಬೀಳಲ್ಲ."

ಮಾವ ಹೊಸದೊಂದು ಹಾಳೆ ತೆರೆದು ಟೈಪ್ ಮಾಡಿದರು. ಸಾಮಾನ್ಯವಾಗಿ ಮಳೆ ಹೊಯ್ದಂತೆ ಟೈಪ್ ಹೊಡೆಯುವವರು ಅವತ್ತು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಪ್ರಿಂಟು ತೆಗೆದರು. ಇಂಥ ಹೇಳಿಕೆಗೆ ಸಹಿ ಹಾಕುವ ಮುನ್ನ ಗಟ್ಟಿಯಾಗಿ ಓದಬೇಕೆಂದು ಗಿರಾಕಿಗಳಿಗೆಲ್ಲ ಹೇಳುತ್ತಿದ್ದ ಅವರು ಎದ್ದು ನಿಂತು ತಾವೇ ಓದಿದರು.

"ನಾನು ಅರ್ಜಿದಾರಳ ಸೋದರಮಾವ. ಆ ಸಂಬಂಧ ತಂದವನು ನಾನೇ. ಇವಳು ಎರಡು ಸಲ ಮನೆಗೆ ಓಡಿ ಬಂದಳು. ಎರಡು ಸಲವೂ ಮೈಮೇಲಿನ ಬಾಸುಂಡೆ ನೋಡಿಯೂ ಬಸ್ಸು ಹತ್ತಿಸಿ ಕಳಿಸಿದವನು ನಾನು." ಕೆಮ್ಮಿ ಮುಂದುವರಿಸಿದರು. "ಹಲ್ಲು ಮುರಿದದ್ದಕ್ಕೆ ಸುಳ್ಳು ಕಾರಣ ಹುಟ್ಟಿಸಿದವನೂ ನಾನೇ. ಬಚ್ಚಿಟ್ಟದ್ದು ನಮ್ಮ ತಪ್ಪು ಮುಚ್ಚಲು, ಇವಳ ತಪ್ಪು ಮುಚ್ಚಲು ಅಲ್ಲ. ಇವಳು ಬಿಟ್ಟು ಬಂದದ್ದೇ ಸರಿ."

ನರ್ಸು ಸೆರಗಿನಿಂದ ಕಣ್ಣೊತ್ತಿಕೊಂಡಳು. ಮಾವ ಯಾರ ಕಡೆಗೂ ನೋಡದೆ ಸಹಿ ಹಾಕಿ, ಕೆಳಗೆ ಪೂರ್ತಿ ಹೆಸರು, ಮನೆ ವಿಳಾಸ, ಫೋನ್ ನಂಬರು ಬರೆದರು.

"ಇದನ್ನ ಅಲ್ಲಿ ಕಂಡಕಂಡವ್ರೆಲ್ಲ ಓದ್ತಾರೆ ಮಾವ," ಎಂದಳು ಅವಳು.

"ಓದ್ಲಿ ಬಿಡು."

ಅವಳು ಆ ಹಾಳೆಯ ಫೋಟೋ ತೆಗೆದು ಅತ್ತೆಗೆ ಕಳಿಸಿದಳು. ಮಾವ ನರ್ಸಿನ ಕವರು ಬಿಚ್ಚಿ ಅವಳ ಕಾಗದಗಳನ್ನು ಜೋಡಿಸುವಷ್ಟರಲ್ಲಿ ಫೋನು ಬಂತು. ಯಂತ್ರಗಳ ಗದ್ದಲದಲ್ಲಿ ಅತ್ತೆ ಕೂಗಿ ಮಾತಾಡುತ್ತಿದ್ದರು, ಅಂಗಡಿಗೆಲ್ಲ ಕೇಳಿಸಿತು.

"ಓದಿದೆ ಕಣಮ್ಮ, ಎರಡು ಸಲ ಓದಿದೆ. ಸ್ವಲ್ಪ ತಡಿ, ಪೆನ್ನು ಎಲ್ಲಿಟ್ಟೆ ಅಂತ ಹುಡುಕ್ತಿದೀನಿ."