ಬರ್ತಾ ಇದೀನಿ

"ಇನ್ನೊಂದ್ಸಲ ಹೇಳಿ, ಸ್ವಲ್ಪ ಮೆತ್ತಗೆ," ಎಂದು ರಕ್ಷಣಾ ಠಾಣೆಯ ನೆವೆನಾ ಮೈಕನ್ನು ಕ್ರಸಿಮೀರನ ಬಾಯಿಯ ಹತ್ತಿರ ಹಿಡಿದಳು. "ಗುರುತಿನ ದನಿ ಕೇಳಿದ್ರೆ ಕಳೆದುಹೋದೋರಿಗೆ ಧೈರ್ಯ ಬರುತ್ತೆ."

"ಜ್ಲಾತ್ಕಾ, ನಾನು ಕಣೇ. ಅಲ್ಲೇ ಇರು, ಬರ್ತಾ ಇದೀನಿ."

ಪಿರಿನ್ ಬೆಟ್ಟದ ನೆತ್ತಿಯಲ್ಲಿ ಬಿಸಿಲು ಕೆಂಪಾಗಿತ್ತು. ಬ್ಲೂಬೆರಿ ಕೀಳಲು ಹೋದ ಹೆಂಡತಿ ಜ್ಲಾತ್ಕಾ ನಿನ್ನೆಯಿಂದ ಬಂದಿಲ್ಲವೆಂದು ಕ್ರಸಿಮೀರ ಠಾಣೆಗೆ ಬಂದದ್ದು ಈ ಮಧ್ಯಾಹ್ನ. ಠಾಣೆಯ ಹಿರಿಯ ಸ್ತಾಮೆನ್ ವಾಕಿಟಾಕಿ ಹಿಡಿದು ಆಗಲೇ ಕಾಡು ಹತ್ತಿದ್ದ. ಕ್ರಸಿಮೀರನ ದನಿ ತುಂಬಿಕೊಂಡ ಡ್ರೋನುಗಳು ಯಾರ ಕೈಯ ಹಂಗೂ ಇಲ್ಲದೆ, ಕಾಡನ್ನು ತಮ್ಮತಮ್ಮಲ್ಲೇ ಹಂಚಿಕೊಂಡು ಹಾರಿಹೋದವು.

ಕ್ರಸಿಮೀರ ಸಿಗರೇಟು ಹಚ್ಚಲು ಹೊರಗೆ ಹೋಗಿದ್ದಾಗ ಡ್ರೋನಿನ ಶಾಖದ ಕ್ಯಾಮೆರಾ ತೋರಿಸುತ್ತಿದ್ದ ಲ್ಯಾಪ್‌ಟಾಪ್ ಪರದೆಯಲ್ಲಿ ಒಂದು ಬಿಸಿ ಮೈ ಬೆಳ್ಳಗೆ ಮೂಡಿತು. ಕಮರಿಯ ಮೇಲಿನ ಪೊದೆಯಲ್ಲಿ, ಮೊಣಕಾಲು ತಬ್ಬಿ ಕೂತ ಹೆಂಗಸು. ಡ್ರೋನು ತಾನಾಗಿ ಕೆಳಗಿಳಿದು ಆ ದನಿ ಕೇಳಿಸಿತು.

ಹೆಂಗಸು ಎದ್ದಳು. ನೆವೆನಾ ಉಸಿರು ಬಿಟ್ಟಳು. ಅಷ್ಟರಲ್ಲಿ ಆ ಹೆಂಗಸು ಓಡತೊಡಗಿದಳು, ಡ್ರೋನಿಗೆ ಬೆನ್ನು ಹಾಕಿ. ಬಿದ್ದಳು, ಎದ್ದಳು, ಮತ್ತೆ ಓಡಿದಳು. ಡ್ರೋನು ಬಿಡದೆ ಹಿಂಬಾಲಿಸಿತು: 'ಬರ್ತಾ ಇದೀನಿ.' ಮುಂದೆ ಕಮರಿಯ ಅಂಚು.

ನೆವೆನಾ ಹಾರಾಟವನ್ನು ತನ್ನ ಕೈಗೆ ತೆಗೆದುಕೊಂಡಳು. ದನಿ ನಿಲ್ಲಿಸಿ ಡ್ರೋನನ್ನು ಮೇಲಕ್ಕೆಳೆದಳು. ಅಂಚಿನಲ್ಲಿ ಹೆಂಗಸು ಒಂದು ಮರವನ್ನು ಅವುಚಿ ಕುಸಿದಳು.

"ಸಿಕ್ಕಳಾ ಮೇಡಂ?" ಕ್ರಸಿಮೀರ ಬಾಗಿಲಲ್ಲಿ ನಿಂತಿದ್ದ.

ನೆವೆನಾ ಲ್ಯಾಪ್‌ಟಾಪ್ ಮುಚ್ಚಿದಳು. "ಇಲ್ಲ. ಜಿಂಕೆ."

"ಜಿಂಕೇನಾ?" ಅವನು ಮೆಲ್ಲಗೆ ನಕ್ಕ. "ನನ್ನ ದನಿ ಕೇಳಿ ಓಡಿಹೋಯ್ತಾ?"

ನೆವೆನಾ ಎದ್ದಳು. ಲ್ಯಾಪ್‌ಟಾಪನ್ನು ಎದೆಗವುಚಿಕೊಂಡು ಒಳಕೋಣೆಗೆ ಹೋಗಿ ಚಿಲಕ ಹಾಕಿದಳು. ಮೊದಲು ಪೊಲೀಸರಿಗೆ ಫೋನು ಮಾಡಿದಳು. ಆಮೇಲೆ ವಾಕಿಟಾಕಿ ಎತ್ತಿಕೊಂಡಳು.

"ಸ್ತಾಮೆನಣ್ಣ, ಕಮರಿ ಅಂಚಲ್ಲಿದಾಳೆ. ಕೂಗಬೇಡ. ಹತ್ರಾನೂ ಹೋಗಬೇಡ. ಅವಳ ಕಣ್ಣಿಗೆ ಕಾಣೋ ಹಾಗೆ ಸುಮ್ನೆ ಕೂತ್ಕೋ."

"ಏನಮ್ಮಾ, ನಾನೇನು ಮೊಲ ಹಿಡಿಯೋಕೆ ಬಂದಿದೀನಾ?"

"ಅವಳು ಗಂಡನಿಗೆ ಹೆದರಿ ಓಡ್ತಿದಾಳೆ ಅಣ್ಣಾ. ಅವನು ಜೊತೇಲಿಲ್ಲ ಅಂತ ಹೇಳು. ಇಳಿಸೋವಾಗ ಆಚೆ ಹಳ್ಳಿ ದಾರೀಲಿ ಇಳಿಸು."

ಆ ಕಡೆ ಸ್ತಾಮೆನ್ ದನಿ ತಗ್ಗಿಸಿದ. "ಆಯ್ತಮ್ಮಾ."

ಅವಳು ಲ್ಯಾಪ್‌ಟಾಪ್ ತೆರೆದಳು. ಕತ್ತಲಾಗುತ್ತಿದ್ದ ಕಾಡಿನಲ್ಲಿ ಎರಡು ಬಿಳಿಯ ಆಕೃತಿಗಳು. ದೊಡ್ಡದು ನೆಲದ ಮೇಲೆ ಕೂತಿತು. ಚಿಕ್ಕದು ಬಹಳ ಹೊತ್ತು ಅಲುಗಲಿಲ್ಲ.

ಹೊರಗಿನಿಂದ ಯಾರೋ ಬಾಗಿಲ ಹಿಡಿಯನ್ನು ಸದ್ದಿಲ್ಲದೆ ಒತ್ತಿದರು. ಬಿಟ್ಟರು. ಮತ್ತೆ ಒತ್ತಿದರು.

ಪರದೆಯಲ್ಲಿ ಚಿಕ್ಕ ಆಕೃತಿ ಮರವನ್ನು ಬಿಟ್ಟು, ಮೊಣಕಾಲೂರಿ, ದೊಡ್ಡದರ ಕಡೆಗೆ ಒಂದಿಷ್ಟು ಸರಿಯಿತು.