ಮಹಾನಂದಾ ಆರಿಸಿದ ಕೆಂಪು ಕಲ್ಲು

ನಾನು ಒಂದು ಕೆಂಪು ಗ್ರಾನೈಟ್ ಕಲ್ಲು. ಕಲ್ಲಿಗೆಂಥ ಆತ್ಮಕಥೆ ಎಂದು ಮೂಗು ಮುರಿಯುವವರು ಮುರಿಯಲಿ. ಹೇಳದೆ ಇದ್ದರೆ ನನ್ನ ಹೊಟ್ಟೆಯುರಿ ಆರುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಾನು ಹುಟ್ಟಿದ್ದು ಇಳಕಲ್ ಸೀಮೆಯ ಒಂದು ಗುಡ್ಡದಲ್ಲಿ. ಅಲ್ಲಿ ಎಷ್ಟು ಕಾಲ ತೆಪ್ಪಗೆ ಮಲಗಿದ್ದೆನೋ, ಲೆಕ್ಕ ಇಟ್ಟವರಿಲ್ಲ. ಒಂದು ದಿನ ಗುಡ್ಡದ ಮೈಗೆ ಸಾಲಾಗಿ ತೂತು ಕೊರೆದು ನನ್ನನ್ನು ಸೀಳಿ ತೆಗೆದರು. ಕಾರ್ಖಾನೆಯಲ್ಲಿ ಗರಗಸಕ್ಕೆ ಕೊಟ್ಟು ಹಲಗೆ ಮಾಡಿದರು. ನೀರು ಬಿಟ್ಟು ಉಜ್ಜಿ ಉಜ್ಜಿ ಒಂದು ಬದಿಗೆ ಹೊಳಪು ಕೊಟ್ಟರು. ಇನ್ನೊಂದು ಬದಿಯನ್ನು ಒರಟಾಗಿಯೇ ಬಿಟ್ಟರು. ಅದು ಸಿಮೆಂಟಿಗೆ ಅಂಟಿಕೊಳ್ಳುವ ಬದಿ, ಅದನ್ನು ನೋಡುವವರು ಯಾರು? ಹೀಗಾಗಿ ನನಗಿರುವುದು ಒಂದೇ ಮುಖ.

ಅಲ್ಲಿಂದ ಲಾರಿ ಹತ್ತಿಸಿ ಗದಗಿಗೆ ತಂದರು. ಹುಬ್ಬಳ್ಳಿ ರಸ್ತೆಯ ಒಂದು ಕಲ್ಲಿನ ಅಂಗಡಿಯಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದರು. ಅಲ್ಲಿ ನಿಂತು ನಾನು ಮನುಷ್ಯರನ್ನು ನೋಡಿದೆ. ಮನೆ ಕಟ್ಟಿಸುವವರ ಗತ್ತೇ ಬೇರೆ. ಒಬ್ಬ ಬಂದು ಸ್ಕೂಟರಿನ ಕೀಲಿಯಿಂದ ನನ್ನ ಮೈ ಗೀಚಿದ. ಇನ್ನೊಬ್ಬ ಬಾಟಲಿ ನೀರು ಸುರಿದ. ಮತ್ತೊಬ್ಬಳು ತನ್ನ ಹೊಸ ಕಪಾಟಿನ ಬಣ್ಣದ ಚೂರೊಂದನ್ನು ನನ್ನ ಪಕ್ಕ ಹಿಡಿದು, ಹೊಂದಲಿಲ್ಲವೆಂದು ಮುಖ ಸಿಂಡರಿಸಿ ಹೋದಳು. ನಿನ್ನ ಮೇಲೆ ಏನು ಅಡುಗೆ ಮಾಡುತ್ತೇವೆ ಎಂದು ಒಬ್ಬರಾದರೂ ಹೇಳಲಿಲ್ಲ. ಅಡುಗೆ ಕಟ್ಟೆಗೆ ಕಲ್ಲು ಆರಿಸಲು ಬಂದವರಿಗೆ ಅಡುಗೆಯ ನೆನಪೇ ಇರುವುದಿಲ್ಲ.

ಹೇಳಿದವಳು ಒಬ್ಬಳೇ, ಮಹಾನಂದಾ. ಗಿಡ್ಡ ಆಳು, ನಡುವಯಸ್ಸು ದಾಟಿದ ಹೆಂಗಸು. ಗಂಡ ಚನ್ನವೀರಪ್ಪನಿಗೆ ಪಂಪ್‌ಸೆಟ್ಟಿನ ಅಂಗಡಿ. ಆತ ಬಾಗಿಲಲ್ಲೇ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಆಕೆ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದಳು. ಅದರಲ್ಲಿ ಬಿಸಿನೀರು ಹಾಕಿ ನಾದಿದ ಜೋಳದ ಹಿಟ್ಟು, ಒದ್ದೆ ಅರಿವೆಯಲ್ಲಿ ಸುತ್ತಿದ್ದು. ನನ್ನನ್ನು ಎರಡು ಡ್ರಮ್ಮಿನ ಮೇಲೆ ಅಡ್ಡ ಮಲಗಿಸಲು ಹೇಳಿ, ಮುಖ ಒರೆಸಿ, ಒಣ ಹಿಟ್ಟು ಉದುರಿಸಿದಳು.

"ಅಕ್ಕಾರ, ಇದೇನ್ ಮಾಡಾಕ ಹತ್ತೀರಿ?" ಎಂದ ಅಂಗಡಿಯವ.

"ರೊಟ್ಟಿ ಬಡದು ನೋಡ್ತೀನ್ರಿ. ಸೀರಿ ತಗೊಳ್ಳೂ ಮುಂದ ಸೆರಗ ಹಾಕ್ಕೊಂಡು ನೋಡೂದಿಲ್ಲೇನು?"

"ಮಹಾನಂದಾ, ಮಂದಿ ನೋಡಾಕ ಹತ್ಯಾರ," ಎಂದ ಗಂಡ, ಫೋನಿಗೆ ಕೈ ಅಡ್ಡ ಹಿಡಿದು.

"ನೋಡ್ಲಿ ಬಿಡ್ರಿ."

ಆಕೆ ಬಡಿಯತೊಡಗಿದಳು. ನನ್ನ ಜನ್ಮದಲ್ಲಿ ಅಂಥ ಏಟು ತಿಂದಿರಲಿಲ್ಲ. ಗುಡ್ಡದಲ್ಲಿ ತಿಂದ ಏಟು ಒಡೆಯುವ ಏಟು. ಇದು ಹಾಗಲ್ಲ. ಅಂಗೈ ಬೀಳುತ್ತಿತ್ತು, ರೊಟ್ಟಿ ತಿರುಗುತ್ತಿತ್ತು, ತಿರುಗುತ್ತಾ ದೊಡ್ಡದಾಗುತ್ತಿತ್ತು. ಕಡೆಗೆ ಆಕೆ ಅಂಚಿಗೆ ಬೆರಳು ಕೊಟ್ಟು ಎತ್ತಿದಳು. ಎಲ್ಲೂ ಹರಿಯದೆ ಇಡೀ ರೊಟ್ಟಿ ಅಂಗೈ ಮೇಲೆ ಎದ್ದು ಬಂತು.

"ಇದ ಕಲ್ಲು ಬೇಕ್ರಿ ನನಗ," ಎಂದಳು.

ಸುಳ್ಳೇಕೆ ಹೇಳಲಿ, ನನಗೆ ಬಹಳ ಖುಷಿಯಾಯಿತು. ಆ ಒಂದು ದಿನ ನಾನು ಯಾವುದಕ್ಕೆ ಹುಟ್ಟಿದೆನೆಂದು ನನಗೆ ಗೊತ್ತಿತ್ತು.

ಕಟ್ಟುತ್ತಿದ್ದ ಮನೆಗೆ ನನ್ನನ್ನು ಒಯ್ದರು. ಮಹಾನಂದಾಳ ಬದುಕೆಲ್ಲ ಬೆಟಗೇರಿಯ ಬಾಡಿಗೆ ಮನೆಗಳಲ್ಲಿ, ಅದೂ ಮೇಲಿನ ಅಂತಸ್ತಿನಲ್ಲಿ ಕಳೆದಿತ್ತು. ಅಲ್ಲಿಯ ಅಡುಗೆ ಕಟ್ಟೆಗಳು ಅವಳ ಎದೆಮಟ್ಟ ಬರುತ್ತಿದ್ದವು. ನೆಲದ ಮೇಲೆ ಕೂತು ಬಡಿದರೆ ಕೆಳಗಿನ ಮನೆಯ ಒಡತಿ ಕೂಗು ಹಾಕುತ್ತಿದ್ದಳು, ತಲೆ ಚಿಟ್ಟು ಹಿಡಿಯುತ್ತದೆಂದು. ಅದಕ್ಕೆ ಮರದ ಹಲಗೆಯ ಕೆಳಗೆ ಗೋಣಿಚೀಲ ಮಡಚಿ ಹಾಕಿಕೊಂಡು, ಕಳ್ಳತನ ಮಾಡಿದ ಹಾಗೆ ಮೆಲ್ಲಗೆ ರೊಟ್ಟಿ ತಟ್ಟುತ್ತಿದ್ದಳಂತೆ. ಇದನ್ನೆಲ್ಲ ಆಕೆ ಕಟ್ಟೆ ಕಟ್ಟುವ ಗೌಂಡಿಯ ಮುಂದೆ ನಗುತ್ತಾ ಹೇಳಿದಳು.

"ಕಟ್ಟಿ ಎಷ್ಟರ ಎತ್ತರ ಇರ್ಲಿ. ಈ ಮೂಲ್ಯಾಗ ಮಾತ್ರ ತಗ್ಗ ಬೇಕು. ಮಣಿ ಮ್ಯಾಲೆ ಕುಂತ್ರ ನನ್ನ ಕೈ ನೆಟ್ಟಗ ಬೀಳಬೇಕು. ಇನ್ನ ಕೇಳವರ ಯಾರ ಅದಾರ? ದಬ ದಬ ಬಡಿಯಾಕಿ ನಾ."

ಅಲ್ಲೇ ಇಟ್ಟಿಗೆಯ ಮೇಲೆ ಕೂತು ಅಳತೆ ಕೊಟ್ಟಳು. ಗೌಂಡಿ ಆ ಅಳತೆಗೆ ನನ್ನನ್ನು ಕೊಯ್ದ. ಉದ್ದದ ತುಂಡುಗಳು ಎತ್ತರದ ಕಟ್ಟೆಗೆ, ಗಿಡ್ಡ ತುಂಡು ರೊಟ್ಟಿಯ ಮೂಲೆಗೆ. ಆ ಗಿಡ್ಡ ತುಂಡೇ ಈಗ ನಿಮ್ಮೊಂದಿಗೆ ಮಾತಾಡುತ್ತಿರುವುದು.

ಇನ್ನೇನು ಕೂಡಿಸಬೇಕು, ಅಷ್ಟರಲ್ಲಿ ಹುಬ್ಬಳ್ಳಿಯಿಂದ ಚನ್ನವೀರಪ್ಪನ ಷಡ್ಡಕ ಪರ್ವತಪ್ಪ ಮನೆ ನೋಡಲು ಬಂದ. ಹೆಂಡತಿಯ ತಂಗಿಯ ಗಂಡ. ಈ ಷಡ್ಡಕರಿಬ್ಬರ ನಡುವೆ ಮೊದಲಿನಿಂದಲೂ ಒಂದು ಜಿದ್ದು. ಇವನು ಸ್ಕೂಟರ್ ತಂದರೆ ಅವನು ಕಾರು ತರುತ್ತಿದ್ದ. ಬಾಯಿಬಿಟ್ಟು ಒಬ್ಬರೂ ಆಡಿದವರಲ್ಲ, ಆಡದೇ ಇದ್ದವರೂ ಅಲ್ಲ. ಪರ್ವತಪ್ಪ ಅಡುಗೆಮನೆಗೆ ಬಂದು ನನ್ನನ್ನು ಚಪ್ಪಲಿಯ ತುದಿಯಿಂದ ಮುಟ್ಟಿದ.

"ಅಣ್ಣಾರ, ಈ ಕೆಂಪ ಕಲ್ಲು ಈಗ ಯಾರ ಹಾಕ್ತಾರ್ರಿ? ಬಸ್‌ಸ್ಟ್ಯಾಂಡಿನ ಖಾನಾವಳಿ ಕಂಡಂಗ ಕಾಣ್ತೈತಿ. ನಾವು ಬಿಳೇದು ಹಾಕೇವಿ. ನಡುವಿನ ಗ್ವಾಡಿ ತಗಸೇವಿ. ಹಾಲ್‌ನ್ಯಾಗ ಕುಂತವರಿಗೆ ಅಡಗಿಮನಿ ಹೊಳೀತೈತಿ ನೋಡ್ರಿ."

ಚನ್ನವೀರಪ್ಪನ ಮುಖ ಸಣ್ಣದಾಯಿತು. ನನ್ನ ಹಣೆಬರಹ ಬದಲಾದದ್ದು ಆಗಲೇ. ಪರ್ವತಪ್ಪನ ಕಾರು ತಿರುವು ದಾಟುವ ಮೊದಲೇ ಆತ ಗೌಂಡಿಯ ಕೆಲಸ ನಿಲ್ಲಿಸಿದ.

ಮಹಾನಂದಾ ಕೇಳಿದಳು, "ಮತ್ತ ನನ್ನ ರೊಟ್ಟಿ ಮೂಲಿ?"

"ಜಗತ್ತ ಮುಂದ ಹೊಂಟೈತಿ, ನೀ ನೆಲದ ಮ್ಯಾಲೆ ಕುಂದರ್ತೀನಿ ಅಂತಿ."

"ನೆಲದ ಮ್ಯಾಲೆ ಅಲ್ರಿ. ಮಣಿ ಮ್ಯಾಲೆ."

"ಹಾಲ್‌ನ್ಯಾಗ ಮಂದಿ ಕುಂತಾಗ ನೀ ದಬ ದಬ ಬಡದ್ರ ಹೆಂಗ? ನಿಂದಿಷ್ಟು ಹಿತ್ತಲದಾಗ ಒಂದು ಶೆಡ್ ಹಾಕಿ ಕೊಡ್ತೀನಿ, ತಡಿ."

ನನಗೆ ಆಕೆಯ ಮೇಲೂ ಸಿಟ್ಟು ಬಂತು. ಅಂಗಡಿಯಲ್ಲಿ ಮಂದಿಯ ಎದುರು ರೊಟ್ಟಿ ಬಡಿದವಳು ಸ್ವಂತ ಮನೆಯಲ್ಲಿ ಬಾಯಿ ಮುಚ್ಚಿಕೊಂಡಳಲ್ಲ. ಆದರೆ ಗೌಂಡಿಯೂ ಅಂಗಡಿಯವನೂ ಕೇಳುವುದು ಗಂಡನ ಮಾತನ್ನೇ. ಆಕೆ ಕೂಗಿದ್ದರೂ ಆಗುತ್ತಿದ್ದದ್ದು ಅಷ್ಟೇ ಇರಬೇಕು.

ಬಿಳಿಯದು ಬಂತು. ಅದನ್ನು ಕಲ್ಲು ಎನ್ನಲು ನನಗೆ ನಾಲಗೆ ಏಳುವುದಿಲ್ಲ. ಕಲ್ಲಿನ ಪುಡಿಗೆ ಅಂಟು ಬೆರೆಸಿ ಅಚ್ಚು ಹೊಯ್ದ ಹಲಗೆ. ನನ್ನ ಉದ್ದದ ತುಂಡುಗಳನ್ನು ಯಾರದೋ ಮನೆಯ ಮೆಟ್ಟಿಲಿಗೆ ಮಾರಿದರು. ಮಹಾನಂದಾಳ ಅಳತೆಯ ತುಂಡು ಯಾರಿಗೂ ಬೇಡವಾಯಿತು. ಹಿತ್ತಲಿನ ನಲ್ಲಿಯ ಕೆಳಗೆ ಹಾಸಿ ಪಾತ್ರೆ ತಿಕ್ಕುವ ಕಲ್ಲು ಮಾಡಿದರು. ಅಡುಗೆಮನೆಯ ಕಿಟಕಿ ನನ್ನ ನೆತ್ತಿಯ ಮೇಲೇ ಇತ್ತು, ಒಳಗಿನದೆಲ್ಲ ಕೇಳುತ್ತಿತ್ತು.

ಗೃಹಪ್ರವೇಶಕ್ಕೆ ಬಂದವರೆಲ್ಲ ಬಿಳಿ ಕಟ್ಟೆಯನ್ನು ಹೊಗಳಿದರು. ಮಹಾನಂದಾಳಿಗೆ ಅದು ಎದೆಮಟ್ಟ ಬರುತ್ತಿತ್ತು. ಸ್ಟೂಲು ಹತ್ತಿ ನಿಂತು ರೊಟ್ಟಿ ಮಾಡಿದಳು, ಪಾಪ. ಕೆಲವೇ ದಿನ. ಒಂದು ಮಧ್ಯಾಹ್ನ ಪರ್ವತಪ್ಪ ಊಟಕ್ಕೆ ಬಂದಿದ್ದಾಗ ಅವಸರದಲ್ಲಿ ಕಾದ ರೊಟ್ಟಿಹಂಚನ್ನು ಇಳಿಸಿ ಆ ಬಿಳಿಯದರ ಮೇಲೆ ಇಟ್ಟುಬಿಟ್ಟಳು. ಹಂಚು ಇಳಿಸಿ ಕಲ್ಲಿನ ಮೇಲೆ ಇಡುವುದು ಅವಳ ಕೈಗೆ ಅಷ್ಟು ವರ್ಷದ ರೂಢಿ. ಬಿಳಿಯದು ಸುಟ್ಟು ಕಂದು ಬಣ್ಣದ ದುಂಡು ಕಲೆ ಎದ್ದಿತು.

"ಕಣ್ಣ ಇರ್ಲಿಲ್ಲೇನು ನಿನಗ?" ಎಂದ ಚನ್ನವೀರಪ್ಪ, ಷಡ್ಡಕನ ಎದುರಿಗೇ.

"ಇರ್ಲಿ ಬಿಡ್ರಿ ಅಣ್ಣಾರ," ಎಂದ ಪರ್ವತಪ್ಪ. "ಅಕ್ಕಾರಿಗೆ ಇಂಥಾದ್ದೆಲ್ಲ ರೂಢಿ ಇಲ್ಲ."

ನನ್ನ ಮೇಲೆ ಆ ಹಂಚು ಇಟ್ಟಿದ್ದರೆ ನಾನು ಬೆಚ್ಚಗಾಗುತ್ತಿದ್ದೆ, ಅಷ್ಟೇ. ಇದನ್ನು ಯಾರಿಗೆ ಹೇಳಲಿ? ಕಲೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಬಂತು. ರೊಟ್ಟಿಯನ್ನು ಓಣಿಯ ಕೊನೆಯ ರೊಟ್ಟಿ ಕೇಂದ್ರದಿಂದ ತರಿಸತೊಡಗಿದರು. ಚನ್ನವೀರಪ್ಪ ದಿನಾ ಅದನ್ನು ಮುರಿದು, "ಚರ್ಮ ಜಗದಂಗ ಆಗತೈತಿ," ಎಂದು ಗೊಣಗಿಕೊಂಡೇ ತಿನ್ನುತ್ತಿದ್ದ.

ಶೆಡ್ಡಿನ ಮಾತನ್ನು ಮಹಾನಂದಾ ಒಮ್ಮೆ ಎತ್ತಿದಳು. ದೀಪಾವಳಿ ಆಗಲಿ ಎಂದ ಗಂಡ. ದೀಪಾವಳಿ ಆದ ಮೇಲೆ ಯುಗಾದಿ ಎಂದ. ಆಕೆ ಕೇಳುವುದನ್ನು ಬಿಟ್ಟಳು.

ಒಂದು ಬೆಳಗ್ಗೆ ಆತ ಅಂಗಡಿಗೆ ಹೋದ ಮೇಲೆ ಆಕೆ ಹಿತ್ತಲಿಗೆ ಬಂದಳು. ನನ್ನನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು, ಸೆರಗಿನಿಂದ ಒರೆಸಿದಳು. ಸಣ್ಣ ಗ್ಯಾಸ್ ಒಲೆ ತಂದಿಟ್ಟಳು. ಮಣೆ ಹಾಕಿಕೊಂಡು ಕೂತಳು. ಅವಳ ಕೈ ನೆಟ್ಟಗೆ ಬಿತ್ತು. ದಬ ದಬ ಸದ್ದಿಗೆ ಪಕ್ಕದ ಮನೆಯ ಹೆಂಗಸು ಗೋಡೆಯಾಚೆ ಇಣುಕಿ, "ಎಂಥಾ ಚಂದ ಬಡೀತೀರಿ ವೈನಿ," ಎಂದಳು. ಮಹಾನಂದಾ ಅವಳಿಗೂ ಒಂದು ಬಿಸಿ ರೊಟ್ಟಿ ಕೊಟ್ಟಳು. ಗೃಹಪ್ರವೇಶವಾದ ಮೇಲೆ ಆಕೆ ನಕ್ಕದ್ದನ್ನು ನಾನು ಕೇಳಿದ್ದು ಅವತ್ತೇ.

ಮಧ್ಯಾಹ್ನ ಚನ್ನವೀರಪ್ಪ ಬಂದು ಉಂಡ. ಒಂದಾದ ಮೇಲೆ ಒಂದು, ಬುಟ್ಟಿ ಖಾಲಿಯಾಗುವ ತನಕ ಉಂಡ. ಕೈ ತೊಳೆಯಲು ಹಿತ್ತಲಿಗೆ ಬಂದವನಿಗೆ ಒಲೆ, ಮಣೆ, ನಾನು ಎಲ್ಲ ಕಣ್ಣಿಗೆ ಬಿದ್ದವು.

"ಇಲ್ಲಿ ಕುಂತು ಮಾಡಿದೇನು? ಅಷ್ಟು ಚಂದ ಅಡಗಿಮನಿ ಮಾಡಿಸಿ ಕೊಟ್ಟೀನಿ, ಹಿತ್ತಲದಾಗ ಒಲಿ ಹಚ್ಚಿ ಕುಂತೀಯಲ್ಲ. ಮಂದಿ ಏನಂದಾರು? ಇನ್ನೊಮ್ಮೆ ಮಾಡಬ್ಯಾಡ."

ಅವಳ ರೊಟ್ಟಿ ಹೊಟ್ಟೆಯೊಳಗೆ ಇನ್ನೂ ಬಿಸಿಯಾಗಿರುವಾಗಲೇ ಹೀಗೆ ಹೇಳಿದ. ನನ್ನ ಮೇಲೆ ಬಾಯಿ ಮುಕ್ಕಳಿಸಿ ಒಳಗೆ ಹೋದ. ಆಕೆ ಒಲೆ ಎತ್ತಿಟ್ಟಳು.

ಆಮೇಲೆ ಆಕೆ ನನ್ನ ಮೇಲೆ ಪಾತ್ರೆ ತಿಕ್ಕಿದಳೇ ಹೊರತು ಹಿಟ್ಟು ಮುಟ್ಟಲಿಲ್ಲ. ಕೆಲವೊಮ್ಮೆ ಸಂಜೆ ಬಂದು ಪಕ್ಕದಲ್ಲಿ ಕೂತು ಬರಿಗೈಯಿಂದ ನನ್ನನ್ನು ತಟ್ಟುತ್ತಿದ್ದಳು. ಮೆಲ್ಲಗೆ, ಬಾಡಿಗೆ ಮನೆಯಲ್ಲಿ ತಟ್ಟುತ್ತಿದ್ದ ಹಾಗೆ. ಮರುವರ್ಷ ಅವಳ ಎದೆ ಕೈಕೊಟ್ಟಿತು. ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ.

ವರ್ಷಾಂತಿಕದ ಹೊತ್ತಿಗೆ ಚನ್ನವೀರಪ್ಪನಿಗೆ ಹೆಂಡತಿಯ ಹೆಸರಿನಲ್ಲಿ ಏನಾದರೂ ಮಾಡಬೇಕೆನಿಸಿತು. ನಮ್ಮ ಕಡೆ ಇದು ರೂಢಿ. ತೀರಿಕೊಂಡವರ ಹೆಸರು ಕೆತ್ತಿಸಿ ಮಠಕ್ಕೋ ಬಸ್ ನಿಲ್ದಾಣಕ್ಕೋ ಕೂರುವ ಕಲ್ಲು ಕೊಡುತ್ತಾರೆ. ಕೆತ್ತುವವನನ್ನು ಕರೆದುಕೊಂಡು ಆತ ಹಿತ್ತಲಿಗೆ ಬಂದ. ಹೊಸ ಕಲ್ಲು ತರೋಣವೇ ಎಂದು ಆ ಮನುಷ್ಯ ಕೇಳಿದ.

"ಇದ ಇರ್ಲಿ. ಈ ಕಲ್ಲು ಆಕೀಗೆ ಭಾಳ ಸೇರತಿತ್ತು," ಎಂದ ಚನ್ನವೀರಪ್ಪ. ಕಣ್ಣು ಒರೆಸಿಕೊಂಡ.

ಗೊತ್ತಿತ್ತು ಅವನಿಗೆ. ಗೊತ್ತಿಲ್ಲದೆ ಮಾಡಿದನೆಂದು ನಾನು ಅಷ್ಟು ದಿನ ಅಂದುಕೊಂಡಿದ್ದೆ. ಆ ಕಣ್ಣೀರು ಸುಳ್ಳಲ್ಲ. ಸುಳ್ಳಾಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

"ಅಕ್ಷರ ದೊಡ್ಡವ ಇರ್ಲಿ, ಆಳ ಕೊರಿ," ಎಂದೂ ಹೇಳಿದ. "ಪರ್ವತಪ್ಪ ಬಂದ್ರ ದೂರದಿಂದ ಕಾಣಬೇಕು."

ನನ್ನ ಒಂದೇ ಮುಖದ ಮೇಲೆ ಆ ತುದಿಯಿಂದ ಈ ತುದಿಗೆ ಉಳಿ ಓಡಿತು. 'ಲಿಂಗೈಕ್ಯ ಮಹಾನಂದಾ ಚನ್ನವೀರಪ್ಪ ಹೊಂಬಳ ಇವರ ಸ್ಮರಣಾರ್ಥ' ಎಂದು ಕೊರೆದು, ಬಂಗಾರದ ಬಣ್ಣ ತುಂಬಿ, ಊರ ಹೊರಗಿನ ಮಠಕ್ಕೆ ಕೊಟ್ಟರು. ದಾಸೋಹದ ಅಡುಗೆಮನೆಯ ಬಾಗಿಲಲ್ಲಿ, ತಗ್ಗಾದ ಎರಡು ಕಂಬದ ಮೇಲೆ ನನ್ನನ್ನು ಕೂಡಿಸಿದರು. ಮಣೆ ಹಾಕಿ ಕೂತರೆ ಕೈ ನೆಟ್ಟಗೆ ಬೀಳುವ ಎತ್ತರ. ಆಕೆ ಕೇಳಿದ್ದ ಎತ್ತರ ಇಲ್ಲಿ ತಾನಾಗಿಯೇ ಸಿಕ್ಕಿತು.

ಬಣ್ಣ ಈಗ ಉದುರಿದೆ. ಶ್ರಾವಣದಲ್ಲಿ ಓಣಿಯ ಹೆಂಗಸರು ಇಲ್ಲಿಗೆ ರೊಟ್ಟಿ ಸೇವೆಗೆ ಬರುತ್ತಾರೆ. ಈ ಸಲ ಒಳಗೆ ಜಾಗ ಸಾಲದೆ ಒಬ್ಬಾಕೆ ಹಿಟ್ಟಿನ ಬುಟ್ಟಿ ಹಿಡಿದು ಹೊರಗೆ ಬಂದಳು. ನನ್ನ ಅಂಚಿನ ಮೇಲೆ ಅಂಗೈ ಆಡಿಸಿದಳು.

"ಎಂಥಾ ಛಲೋ ಕಲ್ಲೈತಿ ನೋಡ್ರೆ. ರೊಟ್ಟಿಗೆ ಹೇಳಿ ಮಾಡಿಸಿದಂಗೈತಿ," ಎಂದಳು.

ಮಣೆ ಹಾಕಿ ಕೂತು ಒಣ ಹಿಟ್ಟು ಉದುರಿಸಿ ಬಡಿದಳು. ಎಷ್ಟು ವರ್ಷಗಳ ಮೇಲೆ ಆ ಏಟು! ರೊಟ್ಟಿ ತಿರುಗಲಿಲ್ಲ. ಎತ್ತಲು ಹೋದಾಗ ಅಕ್ಷರಕ್ಕೆ ಸಿಕ್ಕಿ ನಡುವೆ ಹರಿಯಿತು.

"ತಿರುವಿ ಹಾಕಿದ್ರ ಬಂದೀತೇನ?" ಎಂದಳು ಇನ್ನೊಬ್ಬಳು.

ಆಕೆ ಬಗ್ಗಿ ನನ್ನ ಕೆಳಗೆ ಕೈಯಾಡಿಸಿ ನೋಡಿದಳು. "ಆ ಕಡೆ ಒರಟೈತಿ. ಯಾರೋ ಪುಣ್ಯಾತ್ಗಿತ್ತಿ ಹೆಸರು ಕೊರದಾರ, ಬಿಡು."

ಹರಿದ ರೊಟ್ಟಿಯನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಿಕೊಂಡು ಒಳಗೆ ಹೋದಳು. ಮಹಾನಂದಾಳ ಹೆಸರಿನೊಳಗೆ ಒಂದಿಷ್ಟು ಹಿಟ್ಟು ಉಳಿಯಿತು. ಸಂಜೆಯ ಹೊತ್ತಿಗೆ ಅದು ಒಣಗಿ ಗಟ್ಟಿಯಾಗಿ, ಇರುವೆಗಳು ಬಂದು ಮುತ್ತಿದವು.