ಟೀಚರಮ್ಮನ ಹಿತ್ತಲಲ್ಲಿ ಎದ್ದ ಸ್ಪ್ರಿಂಗು

ಮೂವತ್ತು ವರ್ಷದಿಂದ ಸೋಫಾ ರಿಪೇರಿ ಮಾಡುತ್ತಿದ್ದ ಅವನನ್ನು ಬೀದಿಯವರೆಲ್ಲ ಸ್ಪ್ರಿಂಗಣ್ಣ ಎಂದೇ ಕರೆಯುತ್ತಿದ್ದರು. ತಾನು ಕೂರಿಸಿದ ಸ್ಪ್ರಿಂಗು ಮತ್ತೆ ತಲೆಯೆತ್ತಿದ್ದೇ ಇಲ್ಲ ಎಂಬುದು ಅವನ ಹೆಮ್ಮೆ. ಹಾಗಾಗಿ ಆ ಬೆಳಿಗ್ಗೆ ನಿವೃತ್ತ ಇಂಗ್ಲಿಷ್ ಟೀಚರಮ್ಮನಿಂದ ಬಂದ ಚೀಟಿ ಅವನ ಎದೆಗೆ ಗುದ್ದಿದಂತಾಯಿತು. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಬಲ್ಲ ಹೆಂಡತಿ ಆ ಇಂಗ್ಲಿಷ್ ಚೀಟಿ ಓದಿ ಹೇಳಿದಳು: “ಹಳೇ ಸ್ಪ್ರಿಂಗು ಮತ್ತೆ ಎದ್ದಿದೆಯಂತೆ. ಬೇಗ ಬನ್ನಿ ಅಂತ ಬರೆದಿದಾರೆ.”

“ಹೋದ ವರ್ಷ ತಾನೇ ನಾನೇ ಕಟ್ಟಿದ ಸೋಫಾ! ಇನ್ನು ಯಾರಿಗೆ ಮುಖ ತೋರಿಸ್ಲಿ?”

“ಮುಖ ಆಮೇಲೆ ನೋಡ್ಕೊಳ್ಳೋಣ. ನಡೀರಿ, ನಾನೂ ಬರ್ತೀನಿ.”

ಹನ್ನೆರಡು ಸ್ಪ್ರಿಂಗು, ಸುತ್ತಿಗೆ, ಹುರಿ, ದಬ್ಬಣ ಚೀಲಕ್ಕೆ ತುಂಬಿ ಹೊತ್ತು ಇಬ್ಬರೂ ಹೋದರು. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಅವನು ನೇರ ಸೋಫಾದ ಬಳಿ ಕುಕ್ಕರಗಾಲಲ್ಲಿ ಕೂತು ಈ ತುದಿಯಿಂದ ಆ ತುದಿಗೆ ಒತ್ತಿ ನೋಡಿದ. ಒಂದೂ ಕುಯ್ ಎನ್ನಲಿಲ್ಲ.

ಹಿತ್ತಲಿನಿಂದ ನಗು ಕೇಳಿಸಿತು. ಹೋಗಿ ನೋಡಿದರೆ ಅರ್ಧ ಬೀದಿಯೇ ಲೋಟ ಹಿಡಿದು ನಿಂತಿದೆ! ಎಷ್ಟೋ ವರ್ಷದ ಹಿಂದೆ ಬತ್ತಿಹೋಗಿದ್ದ ಒರತೆ ಕಲ್ಲುಗಳ ಸಂದಿಯಲ್ಲಿ ಮತ್ತೆ ಜಿನುಗುತ್ತಿದೆ.

“ಎಲ್ಲರ ಹಾಗೆ ನೀರು ಕುಡಿಯೋಕೆ ಕರೆದ್ರೆ, ಚೀಲ ಯಾಕಪ್ಪಾ?” ಎಂದರು ಟೀಚರಮ್ಮ.

ಅವನು ಇಂಗು ತಿಂದ ಮಂಗನಂತೆ ನಿಂತ. ಹೆಂಡತಿಯೇ ನಡೆದದ್ದನ್ನು ಹೇಳಿದಳು. ಟೀಚರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು.

“ತಪ್ಪು ನಿಮ್ಮದಲ್ಲ, ಆ ಪದದ್ದು. ಇಂಗ್ಲಿಷಲ್ಲಿ ಒರತೆಗೂ ಸ್ಪ್ರಿಂಗ್ ಅಂತಾರೆ. ಆ ಮಾತಿನ ಹಳೇ ಅರ್ಥ ನೆಗೆಯೋದು, ಚಿಮ್ಮೋದು. ನೆಲದಿಂದ ನೀರು ಚಿಮ್ಮಿದ್ರೆ ಅದು ಸ್ಪ್ರಿಂಗ್. ಚಿಗುರು ಚಿಮ್ಮೋ ವಸಂತಾನೂ ಸ್ಪ್ರಿಂಗ್. ಒತ್ತಿ ಬಿಟ್ರೆ ಚಿಮ್ಮುತ್ತಲ್ಲ, ನಿನ್ನ ತಂತಿ ಸುರುಳಿ, ಅದೂ ಅದೇ.”

“ಹಾಗಾದ್ರೆ ಇವರ ಕಸುಬಿಗೂ ಈ ನೀರಿಗೂ ದಾಯಾದಿ ಸಂಬಂಧ!” ಎಂದಳು ಹೆಂಡತಿ.

“ದಾಯಾದಿ ಅಂದ್ರೆ ಜಗಳ ಆಗತ್ತೆ. ಅಣ್ತಮ್ಮ ಅನ್ನು,” ಎಂದ ಸ್ಪ್ರಿಂಗಣ್ಣ. ಅಷ್ಟು ಹೊತ್ತಿಗೆ ಅವನ ಕಣ್ಣು ಒರತೆಯ ಮೇಲೆ ನೆಟ್ಟಿತ್ತು. ನೀರು ಬರುತ್ತಿತ್ತು, ಆದರೆ ತಡವರಿಸಿಕೊಂಡು. ಒಳಗೇನೋ ಅಡ್ಡ ಇದೆ ಎಂದು ಅವನ ಕೈಗೆ ಗೊತ್ತಾಯಿತು. ಅಂಗಿಯ ತೋಳು ಮಡಿಸಿ, ಮೊಣಕೈವರೆಗೆ ಕೈಯನ್ನು ಕೆಸರಿಗೆ ಇಳಿಸಿ, ತಡಕಿ, ಒಂದು ಚಪ್ಪಟೆ ಕಲ್ಲನ್ನು ಅಲ್ಲಾಡಿಸಿ ಕಿತ್ತ.

ಭುಸ್ಸೆಂದು ಎದ್ದ ನೀರು ನೇರ ಅವನ ಮುಖಕ್ಕೇ ಬಡಿಯಿತು. ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಹೋ ಎಂದರು. ನೀರು ತಿಳಿಯಾಗುವವರೆಗೆ ಕಾದು, ಟೀಚರಮ್ಮ ಮೊದಲ ಲೋಟ ತುಂಬಿ ಅವನ ಕೈಗೇ ಕೊಟ್ಟರು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಅರ್ಧ ಕುಡಿದು, ಉಳಿದದ್ದನ್ನು ಅವನು ಹೆಂಡತಿಗೆ ಕೊಟ್ಟ.